ಹತ್ತಕ್ಕೆ ಹತ್ತು ಕೊಟ್ಟಿದ್ದೆ, ಆಪಾ

ನಸೀಮಾ ಆಪಾ,

ಹೆಬ್ಬಾಳದ ಆಸ್ಪತ್ರೆಯಲ್ಲಿ ಪರೀಕ್ಷೆಗೆ ರಕ್ತ ಕೊಡೋ ಸಾಲು ಈಗಲೂ ಅಷ್ಟೇ ಉದ್ದ. ಐದು ವರ್ಷದ ಹಿಂದೆ ಅದೇ ಸಾಲಿನಲ್ಲಿ ನೀವು ನನ್ನ ಮುಂದೆ ನಿಂತಿದ್ರಿ, ನೆನಪಿದೆಯಾ? ಲಿವರ್ ಕಾಯಿಲೆ ಅಂದ ಕೂಡಲೇ ಡಾಕ್ಟರಮ್ಮ "ಡ್ರಿಂಕ್ಸ್ ತಗೋತೀರಾ?" ಅಂತ ಕೇಳಿದ್ದಕ್ಕೆ ನಾನು ಮುಖ ಊದಿಸಿಕೊಂಡಿದ್ದೆ. ನೀವು ತಿರುಗಿ ಹೇಳಿದ್ರಿ: "ನನ್ನೂ ಕೇಳಿದ್ರಮ್ಮ. ದಿನಕ್ಕೆ ಆರು ಸಲ ಅಂದೆ. ಪೆನ್ನು ತಗೊಂಡ್ರು. ಟೀ ಮೇಡಂ, ಟೀ ಅಂದೆ."

ಮೈ ಕಾಯಬೇಕಾದ ಶಕ್ತಿಯೇ ಲಿವರನ್ನು ಶತ್ರು ಅಂದ್ಕೊಂಡು ಹೊಡೆಯುತ್ತೆ ಅಂತ ಡಾಕ್ಟರಮ್ಮ ನಮ್ಮ ಕಾಯಿಲೆಯನ್ನು ಬಿಡಿಸಿ ಹೇಳಿದಾಗ "ಓ, ಅತ್ತೆಮನೆ" ಅಂದವರೂ ನೀವೇ. ಆಟೋಇಮ್ಯೂನ್ ಹೆಪಟೈಟಿಸ್ ಅನ್ನೋ ಹೆಸರು ನಮ್ಮಿಬ್ಬರ ಬಾಯಲ್ಲೂ ಕೊನೆವರೆಗೆ ನೆಟ್ಟಗೆ ಹೊರಡಲಿಲ್ಲ. ಮೊದಲು ಸ್ಟೀರಾಯ್ಡ್, ಇಬ್ಬರ ಮುಖವೂ ಊದಿ ದೋಸೆ ಹೆಂಚು. ಅದನ್ನು ಇಳಿಸುತ್ತಾ ಇಳಿಸುತ್ತಾ ಇನ್ನೊಂದು ಮಾತ್ರೆ. ವರ್ಷಗಟ್ಟಲೆ ಅದು. ಚೆನ್ನಾಗಿದೀನಿ ಅನ್ನಿಸಿದರೂ ನಮ್ಮಷ್ಟಕ್ಕೆ ನಾವು ಬಿಡೋ ಹಾಗಿಲ್ಲ. ದಾಸರಹಳ್ಳಿಯ ಅಣ್ಣನಿಗೂ ನಾನು ಹೇಳಿರಲಿಲ್ಲ. ಲಿವರ್ ಅಂದ್ರೆ ಬಾಟಲಿ ಅಂತಲೇ ತಿಳಿದ ಮನುಷ್ಯ. ಗೊತ್ತಿದ್ದವರು ನೀವೊಬ್ಬರೇ.

ಬೆಳಗಿನ ಮೆಸೇಜು ಶುರುವಾಗಿದ್ದು ನನ್ನ ಚಟದಿಂದ. ಮಾತ್ರೆ ನುಂಗಿದ ಮೇಲೆ ಒಬ್ಬರಿಗೊಬ್ಬರು ತಿಳಿಸಬೇಕು, ಅದೂ ಪ್ರಾಸದಲ್ಲಿ. "ಉಪ್ಪಿಟ್ಟೂ ತಿಂದಾಯ್ತು, ಮಾತ್ರೆನೂ ನುಂಗಾಯ್ತು" ಅಂತ ಯಲಹಂಕದಿಂದ ನಾನು ಕಳಿಸಿದರೆ, ಆರ್.ಟಿ. ನಗರದ ನಿಮ್ಮ ಟೈಲರ್ ಅಂಗಡಿಯಿಂದ ದನಿ ಬರೋದು, ಹಿಂದೆ ಮಷಿನ್ ಸದ್ದು: "ರೊಟ್ಟಿ ಆಯ್ತು, ಟೀ ಆಯ್ತು, ಗೋಲಿ ಹೊಟ್ಟೆಗೆ ಹೋಯ್ತು. ಮಾರ್ಕ್ಸ್ ಹಾಕು ಟೀಚರಮ್ಮ." ನಾನು ಟೀಚರ್ ಅಲ್ಲ, ಕಾಲೇಜ್ ಆಫೀಸಿನ ಗುಮಾಸ್ತೆ ಅಂತ ಎಷ್ಟು ಸಲ ಹೇಳಿದ್ದೆ? ಆದರೂ ಮಾರ್ಕ್ಸ್ ಹಾಕ್ತಿದ್ದೆ. ಆರು, ಏಳು, ಖುಷಿಯಾದರೆ ಎಂಟು.

ಹೋದ ವರ್ಷ ಒಂದು ಸೋಮವಾರ ನೀವು ಕಳಿಸಿದ್ದು ಹೀಗಿತ್ತು: "ತೋಳು ಕತ್ತರಿಸಿದೆ ಅಳತೆ ಮರೀದೆ, ಗೋಲಿ ನುಂಗಿದೆ ನಿನ್ನ ಮಾತು ಮುರೀದೆ." ಕನ್ನಡ ಮೀಡಿಯಮ್ಮಿನಲ್ಲಿ ಡಿಗ್ರಿ ಮಾಡಿದ ನನಗೇ ಹೊಳೆಯದ ಸಾಲು. ಆಫೀಸಿನಲ್ಲಿ ಒಬ್ಬಳೇ ನಕ್ಕು ಹತ್ತಕ್ಕೆ ಹತ್ತು ಕೊಟ್ಟೆ. ಆಮೇಲೆ ನೀವು "ಸುಸ್ತು" ಅಂದ್ರಿ, ಹಬ್ಬದ ಹೊಲಿಗೆ ಜಾಸ್ತಿಯಾಗಿದೆ ಅಂದೆ. ರಿಪೋರ್ಟ್ ತೋರಿಸಿ ಅಂತ ಕೇಳಬಹುದಿತ್ತು. ಕೇಳಲಿಲ್ಲ. ಕಣ್ಣು ಹಳದಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ ನೀವು ಅಡ್ಮಿಟ್ ಆದಾಗ... ಮೂರು ವಾರವೂ ಸಿಗಲಿಲ್ಲ ನಮಗೆ.

ನೀವು ಹೋಗಿ ನಲವತ್ತನೇ ದಿನ ಕಳೆದ ಮೇಲೆ ನಿಮ್ಮ ತಂಗಿ ರೆಹಾನಾ ಕರೆದು, ಬ್ಲೌಸ್ ಪೀಸ್ ಹಾಕೋ ಕವರೊಂದನ್ನು ನನ್ನ ಕೈಗಿಟ್ಟರು. "ನಿಮ್ದೂ ಇದೇ ಗೋಲಿ ಅಲ್ವಾ ಅಕ್ಕಾ? ಸುಮ್ನೆ ಯಾಕೆ ದಂಡ ಮಾಡೋದು." ಒಳಗೆ ನಾಲ್ಕು ತಿಂಗಳಿಗಾಗುವಷ್ಟು ಮಾತ್ರೆ. ಒಂದೇ ಒಂದು ಸ್ಟ್ರಿಪ್ಪಿನಲ್ಲಿ ಎರಡು ಗುಳಿ ಖಾಲಿ.

"ತಿಂದ್ರೆ ವಾಂತಿ ಬರೋ ಹಂಗಾಗುತ್ತೆ, ಮಷಿನ್ ಮುಂದೆ ಕೂರಕ್ಕಾಗಲ್ಲ ಅಂತಿದ್ಲು. ನಿಮಗೆ ಹೇಳಿಲ್ವಾ?"

"ಹೇಳಿದ್ರು," ಅಂದೆ. ಸುಳ್ಳು ಹೇಳೋದು ಎಷ್ಟು ಸಲೀಸು ಅಂತ ಆಗ ಗೊತ್ತಾಯ್ತು.

ಯಾಕೆ ಹೇಳಲಿಲ್ಲ ಆಪಾ? ವಾಕರಿಕೆಗೆ ಪ್ರಾಸ ಸಿಗಲಿಲ್ಲವಾ? ಅಥವಾ ದಿನಾ ಬೆಳಿಗ್ಗೆ ಮಾರ್ಕ್ಸ್ ಕೊಡೋಕೆ ಕೂತವಳ ಹತ್ತಿರ ಅಂಥ ಮಾತು ಎತ್ತೋದು ಹೇಗೆ ಅಂತಲಾ? ನಿಮ್ಮ ಮೇಲೆ ಕೋಪ ಮಾಡ್ಕೊಳ್ಳೋಣ ಅಂತ ಎಷ್ಟೋ ಸಲ ಕೂತೆ. ಪ್ರತಿ ಸಲವೂ ಅದು ನನ್ನ ಮೇಲೇ ತಿರುಗಿ...

ಆಮೇಲಿನದ್ದು ನಿಮಗೆ ಗೊತ್ತಿಲ್ಲ. ನಾನೂ ಬಿಟ್ಟೆ. ವಾಂತಿ ಇಲ್ಲ, ಏನೂ ಇಲ್ಲ. ಮಾತ್ರೆ ಕೈಯಲ್ಲಿ ಹಿಡಿದು ಫೋನ್ ನೋಡೋದು, ನುಂಗಿದೆ ಅಂತ ಯಾರಿಗೆ ಹೇಳಲಿ ಅನ್ನಿಸೋದು, ವಾಪಸ್ ಡಬ್ಬಿಗೆ ಹಾಕೋದು. ಹನ್ನೊಂದು ದಿನ. ಈ ಸಲದ ರಿಪೋರ್ಟಿನಲ್ಲಿ ಲಿವರಿನ ಅಂಕಿಗಳೆಲ್ಲ ಏರಿದ್ದವು.

"ಮಾತ್ರೆ ಸರಿಯಾಗಿ ತಗೋತಿದೀರಾ?" ಅಂದ್ರು ಡಾಕ್ಟರಮ್ಮ. ಹೂಂ ಅನ್ನೋಕೆ ಬಾಯಿ ತೆರೆದಿದ್ದೆ. ರೆಹಾನಾ ಎದುರು ಅಷ್ಟು ಸಲೀಸಾಗಿ ಬಂದ ಸುಳ್ಳು ಇಲ್ಲಿ ಬರಲಿಲ್ಲ. "ಇಲ್ಲ ಮೇಡಂ," ಅಂದೆ.

ಅವರು ಬೈಯಲಿಲ್ಲ. "ಹೇಳಿದ್ದು ಒಳ್ಳೇದಾಯ್ತು. ಇಲ್ಲಾಂದ್ರೆ ಔಷಧಿನೇ ಕೆಲಸ ಮಾಡ್ತಿಲ್ಲ ಅಂದ್ಕೊಂಡು ಡೋಸ್ ಏರಿಸ್ತಿದ್ದೆ" ಅಂತ ಮತ್ತೆ ಕೆಲವು ವಾರಕ್ಕೆ ಸ್ಟೀರಾಯ್ಡ್ ಬರೆದರು. ಏಳುವ ಮುಂಚೆ ನಿಮ್ಮ ಹೆಸರು ಹೇಳದೆ ಕೇಳಿದೆ, ಈ ಮಾತ್ರೆ ಕೆಲವರ ಹೊಟ್ಟೆಗೆ ಆಗೋದೇ ಇಲ್ಲವಂತಲ್ಲ, ಅವರೇನು ಮಾಡಬೇಕು ಅಂತ.

"ಬಂದು ಹೇಳಬೇಕು, ಅಷ್ಟೇ. ಊಟದ ಜೊತೆ ಕೊಟ್ಟು ನೋಡ್ತೀವಿ, ಡೋಸ್ ಕಮ್ಮಿ ಮಾಡಿ ನೋಡ್ತೀವಿ. ಆಗಲೂ ಒಗ್ಗದಿದ್ರೆ ಬೇರೆ ಮಾತ್ರೆ ಇದೆಯಲ್ಲ."

ಬೇರೆ ಮಾತ್ರೆ ಇತ್ತಂತೆ, ಆಪಾ.

ಬಳ್ಳಾರಿ ರಸ್ತೆಯಲ್ಲಿ ಎರಡು ಬಸ್ಸು ಬಿಟ್ಟು ಮೂರನೆಯದು ಹತ್ತಿದೆ. ರಾತ್ರಿ ಅಣ್ಣನಿಗೆ ಫೋನ್ ಮಾಡಿ ಕಾಯಿಲೆಯ ಹೆಸರು ಹೇಳಿದೆ. "ಅಂಟುತ್ತಾ?" ಅಂದ. ಇಲ್ಲ ಅಂದೆ. ಅಷ್ಟಕ್ಕೇ ಮುಗೀತು.

ಇವತ್ತು ಬೆಳಿಗ್ಗೆ ತಿಂಡಿಯಾದ ಮೇಲೆ ನುಂಗಿದೆ. ಯಾರಿಗೂ ತಿಳಿಸಲಿಲ್ಲ. ನಾಳೆಯೂ ನುಂಗ್ತೀನಿ, ಯಾರೂ ಕೇಳದಿದ್ದರೂ.