ಮೈಕಿಗೆ ಬಿದ್ದ ನಮ್ಮ ಮಾತು

ಬನಹಟ್ಟಿ
18-11-2024

ನನ್ನ ತಂಗೆವ್ವಗೆ,

ಬನಹಟ್ಟಿಯಿಂದ ನಿನ್ನ ಅನಸವ್ವ ಮಾಡುವ ನಮಸ್ಕಾರ. ಇಲ್ಲಿ ಎಲ್ಲರೂ ಆರಾಮ ಎಂದು ಬರೆಯಲು ಹೋದೆ, ಕೈ ಏಳಲಿಲ್ಲ. ಸಾವಳಗಿಯಲ್ಲಿ ನೀನು, ನಿಮ್ಮ ಯಜಮಾನ ಗಿರಮಲ್ಲಪ್ಪಣ್ಣ, ಮಗ ಯಲ್ಲಾಲಿಂಗ, ಮದುಮಗಳಾಗಲಿರುವ ಮಗಳು ಮಾಲಾ ಹೇಗಿದ್ದೀರಿ? ಬರೆಯಲು ಎಂಟು ದಿನ ತಡವಾಯಿತು, ಸಿಟ್ಟಾಗಬೇಡ ಎನ್ನುವುದೂ ಈಗ ನಗೆಪಾಟಲು. ಸಿಟ್ಟು ಆಗಲೇ ಆಗಿಬಿಟ್ಟಿದೆ. ಹನ್ನೊಂದು ಸಲ ಫೋನು ಮಾಡಿದೆ, ನೀನು ಎತ್ತಲಿಲ್ಲ. ಪತ್ರವನ್ನಾದರೆ ನಡುವೆ ಕಟ್ ಮಾಡಲು ಬರುವುದಿಲ್ಲ, ಹರಿದರೂ ಓದಿಯೇ ಹರಿಯುತ್ತೀ. ನಾಲ್ಕನೇ ಇಯತ್ತೆ ಕಲಿತವಳು ನೀನು, ಅಕ್ಷರ ಕೂಡಿಸಿಕೊಂಡು ನೀನೇ ಓದು. ಮಕ್ಕಳ ಕೈಗೆ ಕೊಡಬೇಡ.

ನಿನ್ನ ಮೊಬೈಲಿಗೆ ಬಂದದ್ದು ಇಪ್ಪತ್ತು ಸೆಕೆಂಡಿನ ವಿಡಿಯೊ. ನಾನು ಅಲ್ಲೇ ಇದ್ದೆ. ಹತ್ತನೇ ತಾರೀಖು ರವಿವಾರ ನಮ್ಮ ಓಣಿಯ ಮೆಂಬರ್ ಚನಮಲ್ಲಪ್ಪ ಸಭೆ ಕರೆದಿದ್ದ. ನಗರಸಭೆಯ ಅಧ್ಯಕ್ಷರ ಕುರ್ಚಿ ಈ ಸಲ ನಿಮ್ಮ ಮಂದಿಯ ಜಕ್ಕಪ್ಪನಿಗೆ ಹೋಗುತ್ತದೆ ಎಂದು ಸುದ್ದಿ, ಅದು ತನಗೇ ಬೇಕೆಂದು ಇವನ ಹಟ. ನೇಕಾರರ ಕಷ್ಟ ಹೇಳುತ್ತಾನೆ ಎಂದು ನಾವು ಹೆಂಗಸರು ಮುಂದೆ ಹೋಗಿ ಕುಳಿತೆವು. ನೂಲಿನ ದರ ಹೇಳಿದ, ಕರೆಂಟಿನ ತ್ರಾಸು ಹೇಳಿದ. ಆಮೇಲೆ ಮೈಕನ್ನು ಬಾಯಿಗೆ ಹತ್ತಿರ ಎಳೆದುಕೊಂಡು ಅಂದ: “ಕುರಿ ಹಿಂದ ನಡ್ಯಾವ್ರಿಗೆ ಮುಂದಿನ ಕುರ್ಚಿ ಯಾಕ ಬೇಕ್ರಿ?”

ಮಂದಿ ನಕ್ಕರು. ಚಪ್ಪಾಳೆ ಬಿತ್ತು. ಹಿಂದಿನಿಂದ ಯಾರೋ ಸಿಳ್ಳೆ ಹಾಕಿದ. ಅದು ನಮ್ಮ ಮಾತು, ತಂಗೆವ್ವ! ಎರಡು ವರ್ಷದ ಹಿಂದೆ ನಮ್ಮ ಅರುಣನ ಮದುವೆಯಲ್ಲಿ ನೀನು ಬೀಗರಿಗೆ ಹಾಕಿದ ಮೊದಲ ಸಾಲಿನ ಕುರ್ಚಿಯಲ್ಲಿ ಠೀವಿಯಿಂದ ಕುಳಿತಾಗ, ನಿನ್ನನ್ನು ಕಾಡಿಸಲು ನಾನು ಅಂದದ್ದು. ಊಟಕ್ಕೆ ಬಂದಿದ್ದ ಚನಮಲ್ಲಪ್ಪ ಆಗ ಅಲ್ಲೇ ನಿಂತಿದ್ದ. ಜಮಖಂಡಿ ದವಾಖಾನೆಯಲ್ಲಿ ನಾವಿಬ್ಬರೂ ಬಾಣಂತಿಯರಾಗಿ ಪಕ್ಕಪಕ್ಕದ ಕಾಟಿನಲ್ಲಿ ಮಲಗಿದ್ದಾಗಿನಿಂದ ನಾನು ನಿನ್ನ ಕುರಿಗೆ, ನೀನು ನನ್ನ ಮಗ್ಗಕ್ಕೆ ಹೀಗೆ ಅಂದುಕೊಳ್ಳುತ್ತ ಮೂವತ್ತು ವರ್ಷ ಕಳೆದವು. ಅದೇ ಮಾತು ಇನ್ನೊಬ್ಬರ ಬಾಯಲ್ಲಿ ಇಷ್ಟು ಹೊಲಸಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಮರುದಿನ ಮುಂಜಾನೆ ಎಲ್ಲರ ಫೋನಿನಲ್ಲೂ ಅದೇ. ಜಮಖಂಡಿಯಲ್ಲಿ ನಿಮ್ಮವರು ಹೆಗಲ ಮೇಲೆ ಕಂಬಳಿ ಹಾಕಿಕೊಂಡು ರಸ್ತೆಯಲ್ಲಿ ಕುಳಿತರು. ಮುಧೋಳದಲ್ಲಿ ಮನವಿ ಕೊಟ್ಟರು. ಮಹಾಲಿಂಗಪುರದಲ್ಲಿ ಬಸ್ಸುಗಳು ಮಧ್ಯಾಹ್ನದವರೆಗೆ ಅಲ್ಲಾಡಲಿಲ್ಲ, ಪೇಟೆಗೆ ಹೋದ ನಮ್ಮ ಓಣಿಯವರು ಅಲ್ಲೇ ಸಿಕ್ಕಿಕೊಂಡರು. ಅವರಿಗೆ ಕುಡಿಯಲು ನೀರು ಕೊಟ್ಟವರೂ ಧರಣಿ ಕುಳಿತವರೇ ಅಂತೆ. ಇಲ್ಲಿ ಕೆಲವರು ಇನ್ನೂ ನಗುತ್ತಲೇ ಇದ್ದರು. ನಮ್ಮ ಯಜಮಾನರು ನಾಲ್ಕೂ ಪವರ್‌ಲೂಮ್ ಬಂದ್ ಮಾಡಿ, ಸೀದಾ ಚನಮಲ್ಲಪ್ಪನ ಮನೆಯ ಮುಂದೆ ಹೋಗಿ ನಿಂತರು. “ನಮ್ಮ ಮಕ್ಕಳು ಗಿರಮಲ್ಲಪ್ಪನ ಮನಿ ಕಂಬಳಿ ಮ್ಯಾಲ ಕುಂತು ಅಕ್ಕಿಕಾಳು ಹಾಕಿಸಿಕೊಂಡಾವ. ನೀನೂ ಅದನ್ನ ನೋಡಿ, ಉಂಡು ಹೋಗಿ. ನಾಚಿಕಿ ಬರೂದಿಲ್ಲೇನು ನಿನಗ?” ಎಂದು ಕೂಗಿದರು. ಬೆಕ್ಕು ಹಾಲು ಕುಡಿದರೂ ಜೋರು ಮಾಡದ ಮನುಷ್ಯ ಅವರು, ನಿನಗೇ ಗೊತ್ತು. ಓಣಿಯೇ ದಂಗಾಯಿತು.

ಚನಮಲ್ಲಪ್ಪ ಸಂಜೆ ಹೊರಗೆ ಬಂದು, “ನಾ ನಗ್ಯಾಗ ಅಂದೇನ್ರಿ. ಯಾರಿಗರೆ ನೋವಾಗಿದ್ರ ವಿಷಾದ” ಅಂದ. ನೋವಾಗಿದೆಯೋ ಇಲ್ಲವೋ ಎಂದು ಅವನಿಗೆ ಇನ್ನೂ ಅನುಮಾನ, ನೋಡು! ಕಂಡಿಕೆಗೆ ನೂಲು ಸುತ್ತುತ್ತಿದ್ದ ಸೊಸೆ ಶೀತಲ್, “ಇಂಥಾ ಮಾತು ಅವನ ತಲ್ಯಾಗ ಹುಟ್ಟೂದ ಅಲ್ಲ ಬಿಡ್ರಿ ಅತ್ತಿ. ಯಾರೋ ಹೇಳಿಕೊಟ್ಟಾರ” ಅಂದಳು. ನಾನು ಒಲೆಯ ಮೇಲಿನ ಹಾಲು ನೋಡಲು ಎದ್ದು ಹೋದೆ.

ಇದೆಲ್ಲವನ್ನೂ ಹೇಗೋ ತಡೆದುಕೊಂಡಿದ್ದೆ. ಗುರುವಾರ ಯಲ್ಲಾಲಿಂಗ ಬಂದ. ಮಾಲಾಳ ಧಾರೆಗೆಂದು ನಾನೇ ಹಳೆಯ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ನೇಯ್ದ ಹಸಿರು ಸೀರೆ, ನೀನು ಕೆನ್ನೆಗೆ ಒತ್ತಿಕೊಂಡು ಒಯ್ದದ್ದು, ಅದನ್ನು ತಂದು ಕಟ್ಟೆಯ ಮೇಲೆ ಇಟ್ಟ. ಚಪ್ಪಲಿ ಬಿಡಲಿಲ್ಲ. ನಮ್ಮ ಮನೆಗೆ ಬಂದರೆ ಮೊದಲು ರೊಟ್ಟಿ ಬುಟ್ಟಿ ತೆರೆದು ನೋಡುವ ಹುಡುಗ ಅವನು! “ಒಳಗ ಬಾರೋ” ಅಂದೆ. “ಬ್ಯಾಡ್ರಿ” ಅಂದ. ದೊಡ್ಡವ್ವ ಎಂದು ಕೊರಳಿಗೆ ಜೋತುಬಿದ್ದು ಬೆಳೆದವನು ನನಗೆ ‘ರೀ’ ಹಚ್ಚಿದ. “ಅವ್ವ ಕೊಟ್ಟ ಬಾ ಅಂದಾಳ. ಮದವಿಗಿ ನೀವು ಬರೂದು ಬ್ಯಾಡಂತ.” ಇಷ್ಟೇ ಹೇಳಿ ಗಾಡಿ ತಿರುಗಿಸಿದ. ನಾನು ಆ ಕಟ್ಟೆಯ ಮೇಲೇ ಸೀರೆಯ ಪಕ್ಕ ಕುಳಿತೆ. ಯಜಮಾನರು ಬಂದು ಎಬ್ಬಿಸಬೇಕಾಯಿತು.

ಬರುವ ರವಿವಾರ ಮಾಲಾಳ ಮದುವೆ. ನನ್ನ ಸೀರೆ ಇಲ್ಲದೆ ಆಕೆ ಧಾರೆಗೆ ನಿಲ್ಲುತ್ತಾಳೆ ಎಂದು ನೆನೆದರೆ ಅನ್ನ ಇಳಿಯುತ್ತಿಲ್ಲ. ಚನಮಲ್ಲಪ್ಪ ಎರಡು ವರ್ಷದ ಹಿಂದಿನ ಮಾತನ್ನು ನೆನಪಿಟ್ಟುಕೊಂಡು ಕದ್ದ. ಕದ್ದವನ ತಪ್ಪಿಗೆ ನನ್ನನ್ನು ಹೊರಗಿಡುತ್ತೀಯೇನು? ಬೈಯುವುದಿದ್ದರೆ ಎದುರಿಗೆ ನಿಲ್ಲಿಸಿಕೊಂಡು ಬೈ. ಒಂದು ಮಾತು ಹೇಳಿ ಕಳಿಸು, ಸೀರೆ ತೆಗೆದುಕೊಂಡು ನಾನೇ ಸಾವಳಗಿ ಬಸ್ಸು ಹತ್ತುತ್ತೇನೆ.

ಮಾಲಾ ಹೋದ ಮನೆಯಲ್ಲಿ ನಗುನಗುತ್ತ ಇರಲಿ. ನಿಮ್ಮ ಮನೆಯನ್ನೂ ಹಟ್ಟಿಯನ್ನೂ ಬೀರೇಶ್ವರ ಕಾಯಲಿ. ಗಿರಮಲ್ಲಪ್ಪಣ್ಣಗೆ ನಮ್ಮಿಬ್ಬರ ಶರಣು ಹೇಳು.

ನಿನ್ನ
ಅನಸವ್ವ

ತಾ.ಕ.: ಪತ್ರ ಮಡಚಿ ಅಂಟಿಸಿದ್ದೆ, ಮತ್ತೆ ಒಡೆದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ, ತಂಗೆವ್ವ. ಚನಮಲ್ಲಪ್ಪ ಏನನ್ನೂ ಕದಿಯಲಿಲ್ಲ. ಸಭೆಯ ಹಿಂದಿನ ದಿನ ಫೋನು ಮಾಡಿ, “ಅಕ್ಕಾರ, ಅವತ್ತ ಮದವ್ಯಾಗ ಅದೇನೋ ಕುರಿ ಮಾತು ಅಂದಿದ್ರಿ, ಮಂದಿ ಭಾಳ ನಕ್ಕಿದ್ರು. ಏನದು?” ಎಂದು ಕೇಳಿದ. ನನಗೆ ಹಿಗ್ಗಾಯಿತು. ಯಾಕೆ ಬೇಕು ಎಂದು ಕೇಳಲಿಲ್ಲ. ಎರಡೆರಡು ಸಲ ಹೇಳಿಕೊಟ್ಟೆ. “ಅದಕ್ಕ ಸಾವಳಗಿ ಅಕ್ಕಾರು ಏನೋ ಅಂದ್ರಲ್ಲ?” ಅಂದ. ನೀನು ಅಂದದ್ದು ನನಗೆ ಅಕ್ಷರ ಬಿಡದೆ ನೆನಪಿತ್ತು: “ನೀ ಮೊದಲ ಮಗ್ಗದ ಕುಣಿ ಬಿಟ್ಟು ಮ್ಯಾಲ ಬಾ, ಆಮ್ಯಾಲ ನನ್ನ ಕುರ್ಚಿ ಕೇಳೀಯಂತ.” ಅವತ್ತು ಹಂದರಕ್ಕೆ ಹಂದರವೇ ನಕ್ಕದ್ದು ನಿನ್ನ ಮಾತಿಗೆ, ನನ್ನದಕ್ಕಲ್ಲ. ನಾನು ಅವನಿಗೆ, “ಆಕಿ ಏನಂತಾಳ, ಸುಮ್ಮನ ಕುಂತಿದ್ಲು” ಅಂದೆ.