ಸಾಲವೆಂಬ ಸಂಬಳ

ಫೆಬ್ರವರಿ ೩, ಸಂಜೆ

ಬೂಟು ಹೀಟರ್ ಹತ್ತಿರ ಒಣಗುತ್ತಿದೆ. ಇವತ್ತೂ ಹಡಗಿನ ಹೊಟ್ಟೆಯೊಳಗೇ ಕೆಲಸ. ವೆಲ್ಡರ್‌ಗಳ ಬೆಸುಗೆಯನ್ನು ಟಾರ್ಚ್ ಹಿಡಿದು ನೋಡುವುದು. ಸರಿ ಇದ್ದರೆ ನನ್ನ ನಂಬರಿನ ಮುದ್ರೆ, ಇಲ್ಲದಿದ್ದರೆ ಸೀಮೆಸುಣ್ಣದ ಅಡ್ಡಗೆರೆ. ಇವತ್ತು ಅಡ್ಡಗೆರೆಯೇ ಜಾಸ್ತಿ. ಫೋರ್‌ಮನ್ ಮುಖ ಹುಳ್ಳಗೆ. ಆಗಲಿ ಬಿಡು.

ಸಂಬಳದ ಚೀಟಿ ಬಂತು. ಮೇಲಿನ ಸಾಲು ನೋಡಿದರೆ ನಾನು ರಾಣಿ. ಕೆಳಗಿಳಿದರೆ... ನನ್ನ ಪಾಲಿನ ತೆರಿಗೆ, ನನ್ನ ಪಾಲಿನ ವಿಮೆ. ಸರಿ, ಒಪ್ಪಿದೆ. ಈ ದೇಶದ ರಸ್ತೆ, ಆಸ್ಪತ್ರೆ ನಾನೂ ಬಳಸುತ್ತೇನೆ. ಆದರೆ ನನ್ನನ್ನು ಕೆಲಸಕ್ಕಿಟ್ಟ ಏಜೆನ್ಸಿ ಕಟ್ಟಬೇಕಾದ ಪಾಲೂ ನನ್ನ ದರದಿಂದಲೇ! ಅದರ ಮೇಲೆ ಚೀಟಿ ಮಾಡಿಕೊಟ್ಟ ಫೀಸು. ತಲೆ ಬೋಳಿಸಿ ಕತ್ತಿಯ ಬಾಡಿಗೆಯನ್ನೂ ನನ್ನಿಂದಲೇ ವಸೂಲು ಮಾಡಿದ ಹಾಗೆ.

ಊರಲ್ಲಿರುವ ಅಕ್ಕನಿಗೆ ದಿನದ ದರ ಹೇಳಿದ್ದೇ ತಪ್ಪಾಯಿತು. ಅವಳು ಅದನ್ನೇ ಗುಣಿಸಿಕೊಂಡು ಕೂತಿದ್ದಾಳೆ. ಅವಳ ಹೊಲಿಗೆ ಅಂಗಡಿಯ ಮಳಿಗೆಯನ್ನು ಮಾಲೀಕ ಮಾರುತ್ತಾನಂತೆ. ಜುಲೈ ಒಳಗೆ ಕೊಂಡರೆ ಸರಿ, ಇಲ್ಲದಿದ್ದರೆ ಖಾಲಿ ಮಾಡಬೇಕು. ಅಪ್ಪ ಹೋದ ಮೇಲೆ ಆ ಮಿಷನ್ ತುಳಿದೇ ಅವಳು ನನ್ನನ್ನು ಓದಿಸಿದ್ದು. ಕೊಡಿಸುತ್ತೇನೆ ಎಂದು ಮಾತು ಕೊಟ್ಟಿದ್ದೇನೆ.

ಫೆಬ್ರವರಿ ೬

ಏಜೆನ್ಸಿಯವನು ಕ್ಯಾಂಟೀನಿಗೇ ಬಂದಿದ್ದ. ನಮ್ಮ ಭಾಷೆಯವನು. ಹೆಂಗಸರನ್ನೆಲ್ಲ ಅಕ್ಕಾ ಎನ್ನುತ್ತಾನೆ. ನಾವಿಟ್ಟ ಹೆಸರು ಬೆಣ್ಣೆ. ಹೋದ ವರ್ಷ ಕೆಲವರಿಗೆ ಕೊಟ್ಟ ಯೋಜನೆ ಈಗ ಎಲ್ಲರಿಗಂತೆ — ಸಂಬಳ ಎಂದು ಒಂದು ಚಿಕ್ಕ ಮೊತ್ತ, ಉಳಿದದ್ದೆಲ್ಲ ಸಾಲ. ಸಾಲಕ್ಕೆ ತೆರಿಗೆ ಇಲ್ಲ. ಹಾಗಾಗಿ ಹೆಚ್ಚುಕಡಿಮೆ ಪೂರ್ತಿ ದುಡ್ಡು ಕೈಗೆ.

"ವಾಪಸ್ ಯಾರು ಕೇಳ್ತಾರಕ್ಕಾ? ಬರೀ ಹೆಸರಿಗೆ ಸಾಲ."

ಮಾರ್ಚ್ ಕೊನೆಗೆ ಎಲ್ಲರ ಕಾಂಟ್ರಾಕ್ಟ್ ಮುಗಿಯುತ್ತದೆ. ಮುಂದುವರಿಯಬೇಕೆಂದರೆ ಇದಕ್ಕೆ ಸಹಿ ಹಾಕಲೇಬೇಕು. ನನ್ನ ರೂಮಿನಲ್ಲೇ ಇರುವ ಕ್ರೇನಕ್ಕ, ಹಡಗು ಕಟ್ಟುವ ಈ ಯಾರ್ಡಿನ ದೊಡ್ಡ ಕ್ರೇನ್ ನಡೆಸುವವಳು, ಹೋದ ವರ್ಷವೇ ಹಾಕಿದ್ದಾಳೆ. ಕೈ ತುಂಬ ಬರುತ್ತಿದೆ, ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ ಎಂದಳು. ಲೆಕ್ಕ ಹಾಕಿ ನೋಡಿದೆ. ಜೂನ್ ಹೊತ್ತಿಗೆ ಮಳಿಗೆ ಅಕ್ಕನದೇ. ಪೆನ್ನು ತೆಗೆದೆ. ಮತ್ತೆ ಮುಚ್ಚಿದೆ.

ಫೆಬ್ರವರಿ ೧೭

ಬೆಣ್ಣೆಯ ಆಫೀಸಿಗೆ ಹೋಗಿ ಕಾಗದ ಪೂರ್ತಿ ಓದಿದೆ. ಸಾಲವನ್ನು ಕೇಳಿದಾಗ ಹಿಂದಿರುಗಿಸತಕ್ಕದ್ದು ಎಂದು ಸಣ್ಣಕ್ಷರದಲ್ಲಿದೆ. ದುಡಿಯುವವಳೂ ನಾನೇ, ಸಾಲಗಾರ್ತಿಯೂ ನಾನೇ!

"ವಾಪಸ್ ಕೇಳಲ್ಲ ಅಂತ ಒಂದು ಸಾಲು ಬರೆದು ನೀವು ಸಹಿ ಹಾಕಿ. ನಾನೂ ಈಗ್ಲೇ ಹಾಕ್ತೀನಿ" ಎಂದೆ.

ಬೆಣ್ಣೆ ಗಟ್ಟಿಯಾದ. ಹಾಗೆ ಬರೆದುಕೊಟ್ಟರೆ ಅದು ಸಾಲ ಆಗುವುದಿಲ್ಲವಂತೆ, ತೆರಿಗೆಯವರು ಸಂಬಳ ಎಂದೇ ಹಿಡಿಯುತ್ತಾರಂತೆ. ಹಾಗಾದರೆ ಅದು ಸಂಬಳ ಎಂದು ನಿಮಗೂ ಗೊತ್ತು ಎಂದೆ. ಯೋಚನೆ ಮಾಡಿ ಅಕ್ಕಾ, ಗೇಟಿನಾಚೆ ಕ್ಯೂ ಇದೆ ಎಂದ.

ಹೆದರಿಕೆ ಆಯಿತು, ಸುಳ್ಳೇಕೆ. ಆದರೆ ಸಿಟ್ಟು ಅದಕ್ಕಿಂತ ದೊಡ್ಡದು. ನೋಡದ ಬೆಸುಗೆಗೆ ಮುದ್ರೆ ಒತ್ತಿದವಳಲ್ಲ ನಾನು. ಇದನ್ನಂತೂ ನೋಡಿಯೂ ಆಯಿತು.

ಫೆಬ್ರವರಿ ೧೮

ಸಹಿ ಹಾಕುವುದಿಲ್ಲ ಎಂದು ಊರಿಗೆ ಫೋನ್ ಮಾಡಿ ಅಕ್ಕನಿಗೆ ಹೇಳಿದೆ. ಎಲ್ಲರೂ ಹಾಕಿದ ಸಹಿ ನಿನ್ನ ಕೈಗೇನು ಭಾರ ಎಂದಳು. ಕೊಟ್ಟ ಮಾತು ನೆನಪಿದೆಯಾ ಎಂದಳು. ಫೋನ್ ಇಟ್ಟುಬಿಟ್ಟಳು.

ಮಾರ್ಚ್ ೧೨

ಅಕ್ಕ ಫೋನ್ ಎತ್ತುತ್ತಿಲ್ಲ.

ಇಲ್ಲಿ ಕ್ರೇನಕ್ಕ ಏಣಿಯಿಂದ ಜಾರಿ ಬಲಭುಜ ಮುರಿದುಕೊಂಡಳು. ರಜೆ. ಇವತ್ತು ಅವಳ ಚೀಟಿ ಬಂತು. ರಜೆಯ ಸಂಬಳ ಆ ಚಿಕ್ಕ ಮೊತ್ತದ ಲೆಕ್ಕದಲ್ಲಿ ಮಾತ್ರ. ಉಳಿದದ್ದು ನಿಂತೇ ಹೋಗಿದೆ. ಬೆಣ್ಣೆಯನ್ನು ಕೇಳಿದರೆ, ಕೆಲಸಕ್ಕೆ ಬಾರದವರಿಗೆ ಸಾಲ ಕೊಡಲು ಬರುವುದಿಲ್ಲ ಎಂದನಂತೆ. ಚೀಟಿಯ ಕೊನೆಯಲ್ಲಿ 'ಈವರೆಗಿನ ಬಾಕಿ' ಅಂತ ಬೇರೆ. ಒಂದು ವರ್ಷದ ಬೆವರು ಅವಳ ತಲೆ ಮೇಲೆ ಬಾಕಿ!

ಅವಳ ಜಡೆ ಹೆಣೆದುಕೊಟ್ಟೆ.

"ಕಾಗದ ಓದೇ ಇಲ್ಲ ಕಣೇ. ಕೈಗೆಷ್ಟು ಬರುತ್ತೆ ಅಂತ ಅಷ್ಟೇ ನೋಡ್ದೆ" ಎಂದಳು.

ನಾವೆಲ್ಲ ನೋಡುವುದೂ ಅಷ್ಟನ್ನೇ.

ಮಾರ್ಚ್ ೨೪

ಅಕ್ಕನ ಫೋನ್! ಮಾಲೀಕನನ್ನು ಒಪ್ಪಿಸಿದ್ದಾಳೆ. ಮಳಿಗೆ ನಡುವೆ ಗೋಡೆ ಎಬ್ಬಿಸಿ ಅರ್ಧ ನಮಗೆ, ಇನ್ನರ್ಧ ಬೀಗ ರಿಪೇರಿಯವನಿಗೆ.

"ಎರಡು ಮಿಷನ್ ಇಡೋಕೆ ಅರಮನೆ ಬೇಕೇನೇ? ನಿನ್ನನ್ನ ಸಾಲಗಾರ್ತಿ ಮಾಡಿ ನಾನೆಲ್ಲಿ ನೆಮ್ಮದಿಯಾಗಿ ಹೊಲೀಲಿ?"

ಅತ್ತುಬಿಟ್ಟೆ. ಆಮೇಲೆ ಹಸಿವಾಯಿತು. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ತಿಂದೆ. ಆದರೆ ಅರ್ಧಕ್ಕೂ ಕೆಲಸ ಇರಬೇಕಲ್ಲ...

ಮಾರ್ಚ್ ೩೧, ಬೆಳಿಗ್ಗೆ, ಏಜೆನ್ಸಿಯಲ್ಲಿ

ನಿಂತೇ ಬರೆಯುತ್ತಿದ್ದೇನೆ. ಕಾಂಟ್ರಾಕ್ಟ್ ಮುಂದುವರಿಸುವ ಕ್ಯೂ. ಗೇಟ್ ಪಾಸ್ ಕುತ್ತಿಗೆಯಿಂದ ತೆಗೆದು ಜೇಬಿನಲ್ಲಿಟ್ಟಿದ್ದೇನೆ. ಕೇಳಿದರೆ ನಾನೇ ಮೇಜಿನ ಮೇಲಿಟ್ಟು ಬರುತ್ತೇನೆ. ಬೇರೆ ಯಾರ್ಡ್ ಹುಡುಕುತ್ತೇನೆ. ತೆರಿಗೆ ಕಟ್ಟುತ್ತೇನೆ, ಸಂಬಳವನ್ನು ಸಂಬಳ ಎಂದೇ ಬರೆಸಿಕೊಳ್ಳುತ್ತೇನೆ.

ಕ್ರೇನಕ್ಕ ಕೈಗೆ ಪಟ್ಟಿ ಕಟ್ಟಿಕೊಂಡೇ ನನ್ನ ಮುಂದೆ ನಿಂತಿದ್ದಾಳೆ. ಅವಳ ಸರದಿ ಬಂತು. ಬೆಣ್ಣೆ ಕಾಗದ ಚಾಚಿದ. ಮುಟ್ಟಲಿಲ್ಲ ಅವಳು.

"ವಾಪಸ್ ಕೇಳಲ್ಲ ಅಂತ ಮೊದಲು ನೀನು ಬರ್ಕೊಡಪ್ಪ."

ನಾನು ಹೇಳಿಕೊಟ್ಟಿರಲಿಲ್ಲ. ಬೆಣ್ಣೆ ನಗುತ್ತಲೇ ನನ್ನ ಕಡೆ ನೋಡಿದ. ನನ್ನ ಹಿಂದಿದ್ದ ಪೇಂಟರ್ ಕೆಮ್ಮಿ, ನನಗೂ ಅದೇ ಬೇಕು ಎಂದ. ಅವನ ಹಿಂದಿನವನೂ. ಕ್ರೇನಕ್ಕ ತನ್ನ ಚೀಟಿಯನ್ನು ಇಡೀ ಕ್ಯಾಂಟೀನಿಗೆ ತೋರಿಸಿದ್ದಾಳಂತೆ, ನನಗೇ ಗೊತ್ತಿಲ್ಲ. ಗೇಟಿನಾಚೆ ಕ್ಯೂ ಇದೆ ಎಂದಿದ್ದನಲ್ಲ — ಇಲ್ಲಿದೆ ನೋಡು. ಯಾರೂ ಅಲುಗುತ್ತಿಲ್ಲ.

ಬೆಣ್ಣೆ ಎದ್ದು ಒಳಗಿನ ಸಾಹೇಬರ ಬಾಗಿಲು ತಟ್ಟಿದ. ಈಗ ನನ್ನನ್ನು ಕರೆಯುತ್ತಿದ್ದಾನೆ. ಅಕ್ಕಾ ಅಲ್ಲ, ಮೇಡಂ! ಹೋಗುತ್ತೇನೆ. ಪೆನ್ನೂ ಜೊತೆಗೇ ಇರಲಿ. ಬರೆಯಬೇಕಾದವರು ಅವರು. ಆ ಒಂದು ಸಾಲಿಗೆ ಪೆನ್ನಿಲ್ಲ ಎಂದು ನೆಪ ಹೇಳಬಾರದಲ್ಲ, ಅದಕ್ಕೇ ನನ್ನದನ್ನೇ ಅವರ ಕೈಗೆ—