ಸ್ಟಾಪ್‌ವಾಚ್ ಮುಂದೆ ತಂಗಿ

ಜೂನ್ 3
ಮಹಾಜನಗಳೇ, ತಾಯಂದಿರೇ, ಮೂಲೆಯಲ್ಲಿ ತೂಕಡಿಸುತ್ತಿರುವ ಮಹನೀಯರೇ! ಇವತ್ತು ನಮ್ಮ ಗಾರ್ಮೆಂಟ್ಸಿನಲ್ಲಿ, ಶರ್ಟಿನ ಕಾಲರ್ ಹೊಲಿಯುವ ಲೈನಿನಲ್ಲಿ ಘನಘೋರ ಪ್ರದರ್ಶನ.

ಫ್ಯಾಕ್ಟರಿ ಸುಧಾರಣೆಯಂತೆ. ಹೊಸ ಫ್ಯಾನು. ಬೆನ್ನು ಒರಗಿಸುವ ಕುರ್ಚಿ. ಪಕ್ಕದಲ್ಲೇ ಕುಡಿಯುವ ನೀರು. ಜೊತೆಗೆ, ಹೊಲಿಯುವ ವೇಗ ಅಳೆಯಲು ಸ್ಟಾಪ್‌ವಾಚ್ ಹಿಡಿದ ಮೇಡಂ. ಎಂದಿನಂತೆ ಹೊಲಿಯಿರಿ ಎಂದರು. ಎಂದಿನಂತೆ! ಸೂಪರ್‌ವೈಸರ್ ನಾನು, ಮಿಷನ್ ಮುಂದೆ ಕೂತವಳು ನನ್ನ ಒಡಹುಟ್ಟಿದ ತಂಗಿ. ಮಾನ ಉಳಿಸು ತಾಯಿ ಎಂದು ಪಿಸುಗುಟ್ಟಿದೆ. ಮೇಡಂ ಕಣ್ಣು ವಾಚಿನ ಮೇಲಿದ್ದಾಗ, ಅವಳೇ ಎತ್ತಿಕೊಳ್ಳಬೇಕಾದ ಬಟ್ಟೆಯ ಪೀಸುಗಳನ್ನು ನಾನೇ ಎತ್ತಿ ಎತ್ತಿ ಕೊಟ್ಟೆ. ಹೊಲಿದಳು ನೋಡಿ... ರಣಚಂಡಿ! ಮೇಡಂ ಬರೆದುಕೊಂಡರು. ನಾನು ಮೀಸೆ ತಿರುವಿದೆ.

ಜೂನ್ 9
ಆ ವೇಗವೇ ಇನ್ನು ಎಲ್ಲರ ಟಾರ್ಗೆಟ್.

ನೀರು ಕೈಗೆಟಕುವಷ್ಟು ಹತ್ತಿರ — ಯಾರೂ ಕುಡಿಯುವುದಿಲ್ಲ. ಕುಡಿದರೆ ಟಾಯ್ಲೆಟ್ಟಿಗೆ ಏಳಬೇಕು. ಎದ್ದರೆ ಪೀಸು ಕಮ್ಮಿ. ಹೆಂಗಸರು ತಂಗಿಗೆ ‘ಎಕ್ಸ್‌ಪ್ರೆಸ್ಸು’ ಎಂದು ಹೆಸರಿಟ್ಟಿದ್ದಾರೆ. ಊಟಕ್ಕೆ ಅವಳ ಪಕ್ಕ ಕೂರುವವಳು ಕಾಲರಕ್ಕ ಒಬ್ಬಳೇ. ವರ್ಷಗಟ್ಟಲೆ ಕಾಲರ್ ಹೊಲಿದೇ ಆ ಹೆಸರು ಪಡೆದವಳು, ತಂಗಿಗೆ ಮಿಷನ್ ಕಲಿಸಿದ ಹಿರಿಯಳು. ಈಗ ಬೆರಳ ಗೆಣ್ಣುಗಳೆಲ್ಲ ಊದಿವೆ. “ನಿಮ್ಮಣ್ಣ ಡೈಲಾಗ್ ಹೊಡೀತಾನೆ, ಹೊಲಿಯೋ ಕರ್ಮ ನಮ್ದು ಕಣೇ” ಎಂದಳಂತೆ. ನಗುತ್ತಲೇ.

ಜೂನ್ 24
ಪೆನ್ನು ಮುಟ್ಟಲು ಮನಸ್ಸಾಗಿರಲಿಲ್ಲ.

ಕಾಲರಕ್ಕ ಒಂದು ದಿನವೂ ಟಾರ್ಗೆಟ್ ಮುಟ್ಟಲಿಲ್ಲ. ತಂಗಿ ಕದ್ದುಮುಚ್ಚಿ ಅವಳ ಪೀಸುಗಳನ್ನೂ ಹೊಲಿದು ಕೊಡುತ್ತಿದ್ದಳು. ಇವತ್ತು ಆ ಅವಸರದಲ್ಲಿ ಸೂಜಿ ತೋರುಬೆರಳಿಗೇ ಇಳಿಯಿತು. ಓಡಿ ಬಂದ ಮ್ಯಾನೇಜರ್ ಕಣ್ಣಿಗೆ ಮೊದಲು ಬಿದ್ದದ್ದು ರಕ್ತವಲ್ಲ, ತಂಗಿಯ ಮಿಷನ್ ಮೇಲಿದ್ದ ಕಾಲರಕ್ಕನ ಪೀಸುಗಳ ಕಟ್ಟು.

ಕಾಲರಕ್ಕ ನಾಳೆಯಿಂದ ಕೆಲಸಕ್ಕೆ ಬೇಡವಂತೆ. ಬೆಳಗ್ಗೆ ಅದನ್ನು ಸಾರುವವನು ನಾನೇ ಅಂತೆ. “ನಿನ್ ಗಂಟ್ಲು ದೊಡ್ಡದಯ್ಯಾ. ಇಡೀ ಫ್ಲೋರಿಗೆ ಕೇಳ್ಲಿ,” ಎಂದರು ಮ್ಯಾನೇಜರ್.

ಮನೆಯಲ್ಲಿ ತಂಗಿ ಪಟ್ಟಿ ಕಟ್ಟಿದ ಕೈಯಲ್ಲೇ ತಟ್ಟೆ ಇಟ್ಟಳು.

“ಅವತ್ತು ಪೀಸು ಎತ್ತಿಕೊಟ್ಟಿದ್ದು ನೀನು ಅಂತ ಮೇಡಂಗೆ ಹೇಳಿದ್ಯಾ ಅಣ್ಣಾ?”

ತಲೆಯಾಡಿಸಿದೆ. ಇಲ್ಲ.

“ಹೇಳಿದ್ರೆ ನಿನ್ ಕೆಲಸ ಹೋಗುತ್ತೆ. ಹೇಳ್ದಿದ್ರೆ ಅಕ್ಕಂದು.”

ಅಷ್ಟೇ. ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಊಟ ಹಾಗೇ ಇದೆ.

ನಾಳೆ ಬೆಳಗ್ಗೆ, ಮಿಷನ್‌ಗಳು ಶುರುವಾಗುವ ಮೊದಲೇ, ಫ್ಲೋರಿನ ನಟ್ಟನಡುವೆ ನಿಲ್ಲುತ್ತೇನೆ. ಮ್ಯಾನೇಜರ್ ಎದುರೇ. ಆ ವೇಗ ಒಬ್ಬಳದಲ್ಲ, ಇಬ್ಬರದು ಎನ್ನುತ್ತೇನೆ. ಮೊದಲ ಮಾತು ಬಾಯಿಂದ ಹೊರಬಿದ್ದರೆ ಸಾಕು, ಆಮೇಲೆ—